ಕೇಳದೆ ಬಿಟ್ಟ ಒಂಬತ್ತನೆಯ ಪ್ರಶ್ನೆ

ಕಾಲೇಜಿನ ಆರೋಗ್ಯ ಫಾರಂನಲ್ಲಿ ಒಟ್ಟು ಹನ್ನೆರಡು ಪ್ರಶ್ನೆಗಳಿದ್ದವು. ಹಳದಿ ಕಾಗದ, ಎರಡೂ ಬದಿ ಅಚ್ಚು, ಪ್ರತಿ ಪ್ರಶ್ನೆಯ ಮುಂದೆ ಹೌದು, ಇಲ್ಲ ಎಂದು ಎರಡು ಚೌಕ. ಆಸ್ತಮಾ ಇದೆಯೇ, ಮೂಳೆ ಮುರಿದಿದೆಯೇ, ದಿನವೂ ಯಾವುದಾದರೂ ಮಾತ್ರೆ ನುಂಗುತ್ತಾನೆಯೇ. ಒಂಬತ್ತನೆಯದು ಹೀಗಿತ್ತು: ಕುಟುಂಬದಲ್ಲಿ ಐವತ್ತು ವರ್ಷದೊಳಗೆ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದಾರೆಯೇ?

2003ರ ದೀಪಾವಳಿ ಪಾಡ್ಯದಂದು ಲಂಡನ್ನಿನ ಹ್ಯಾರೋದ ಒಂದು ಮನೆಯ ಸೋಫಾದಲ್ಲಿ ಕುಳಿತು, ಆ ಪ್ರಶ್ನೆಯನ್ನು ಕೇಳದೆಯೇ ನಾನು 'ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದೆ. ಆಮೇಲಿನ ಆರು ತಿಂಗಳಲ್ಲಿ ನಡೆದದ್ದನ್ನು ಡೈರಿ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ನನಗಾಗ ಇಪ್ಪತ್ತಮೂರು. ವಾಯವ್ಯ ಲಂಡನ್ನಿನ ಒಂದು ಕಾಲೇಜಿನ ಫುಟ್‌ಬಾಲ್ ವಿಭಾಗದಲ್ಲಿ ಸಹಾಯಕ ಕೋಚ್ ಆಗಿದ್ದೆ. ಹದಿನಾರು ದಾಟಿದ ಹುಡುಗರು ಬೆಳಗ್ಗೆ ತರಗತಿ, ಮಧ್ಯಾಹ್ನ ತರಬೇತಿ ಎಂದು ಎರಡು ವರ್ಷ ನಮ್ಮಲ್ಲಿರುತ್ತಿದ್ದರು. ದೊಡ್ಡ ಕ್ಲಬ್‌ಗಳು ಚಿಕ್ಕಂದಿನಲ್ಲೇ ಆರಿಸಿಕೊಂಡು ಹದಿನಾರಕ್ಕೆ ಬೇಡವೆಂದು ಬಿಟ್ಟವರು ಕೆಲವರು, ಯಾರ ಕಣ್ಣಿಗೂ ಬೀಳದೆ ಉಳಿದವರು ಕೆಲವರು. ಭಾನುವಾರ ಪಾರ್ಕುಗಳಲ್ಲಿ ನಡೆಯುವ ಪಂದ್ಯಗಳಲ್ಲಿ ಅಂಥವರನ್ನು ಗುರುತಿಸಿ, ಮೂರು ಸಲ ಆಡುವುದನ್ನು ನೋಡಿ, ಮನೆಗೆ ಹೋಗಿ ಹಿರಿಯರನ್ನು ಒಪ್ಪಿಸಿ ಕರೆತರುವುದು ನನ್ನ ಕೆಲಸದ ಅರ್ಧ ಭಾಗ. ನಾನು ಉಡುಪಿಯಲ್ಲಿ ಹೈಸ್ಕೂಲು ಮುಗಿಸಿ ಬಂದವನು, ಮನೆಮಾತು ಕೊಂಕಣಿ, ಕನ್ನಡ ಹಿಂದಿ ಎರಡೂ ಬರುತ್ತಿದ್ದವು. ಹಾಗಾಗಿ ನಮ್ಮ ದೇಶದ ಕಡೆಯ ಮನೆಗಳಿಗೆಲ್ಲ ಮುಖ್ಯ ಕೋಚ್ ನನ್ನನ್ನೇ ಅಟ್ಟುತ್ತಿದ್ದರು.

ಹ್ಯಾರೋದ ಆ ಮನೆಯ ಹುಡುಗ ಎಡಗಾಲಿನವನು. ಎಡ ಅಂಚಿನಲ್ಲಿ ಚೆಂಡು ಸಿಕ್ಕರೆ ಎದುರಾಳಿಯನ್ನು ಒಳಗೆ ಎಳೆದು ಹೊರಗಿನಿಂದ ದಾಟಿ ಹೋಗುತ್ತಿದ್ದ. ನಾನು ನೋಡಿದ ಮೂರು ಪಂದ್ಯಗಳಲ್ಲಿ ಹಾಗೆ ದಾಟಲು ಇಪ್ಪತ್ತೊಂದು ಸಲ ಪ್ರಯತ್ನಿಸಿ ಹದಿನಾರು ಸಲ ದಾಟಿದ್ದ. ಡೈರಿಯಲ್ಲಿ ಆ ಲೆಕ್ಕದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಪಾಡ್ಯದ ಆ ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುವ ದಿನ. ನಾನು ತಿರುಗಿಸಿದ್ದೆ, ಆ ಮನೆಯವರು ತಿರುಗಿಸಿರಲಿಲ್ಲ. ಸರಿಯಾಗಿ ಹನ್ನೊಂದಕ್ಕೆ ಗಂಟೆ ಒತ್ತಿದೆ. ಬಾಗಿಲು ತೆರೆದ ಅಜ್ಜಿ ಗೋಡೆಯ ಗಡಿಯಾರ ನೋಡಿ, "ಹನ್ನೊಂದಕ್ಕ ಬರ್ತೀನಂದು ಹನ್ನೆರಡಕ್ಕ ಬಂದಿ. ಹುಡುಗರಿಗೆ ಓಡಾಕ ಕಲಸಾಂವಾ ನೀನೇ ಏನ್ ತಮ್ಮಾ?" ಎಂದರು. ಒಳಗೆ ಹುಡುಗ ನಕ್ಕದ್ದು ಕೇಳಿಸಿತು.

ಧಾರವಾಡದ ಕಡೆಯ ಮನೆ. ಅಂಚೆ ವಿಂಗಡಣೆ ಕೇಂದ್ರದಲ್ಲಿ ಬೆಳಗಿನ ಪಾಳಿ ಮಾಡುವ ತಂದೆ ರಜೆ ಹಾಕಿ ಕುಳಿತಿದ್ದರು. ತಾಯಿ ಈಲಿಂಗ್ ರೋಡಿನ ಸೀರೆ ಅಂಗಡಿಯಲ್ಲಿ, ಹಬ್ಬದ ಗಿರಾಕಿಗಳ ನಡುವೆ. ಹೊಸ್ತಿಲ ಬಳಿ ಸಾಲಾಗಿ ಐದು ಪುಟ್ಟ ಮಣ್ಣಿನ ಗೊಂಬೆಗಳಿದ್ದವು, ಒಂದೊಂದರ ತಲೆಗೂ ಚೆಂಡುಹೂವಿನ ಎಸಳು.

"ಪಾಂಡವರು," ಎಂದರು ಅಜ್ಜಿ. "ಸೆಗಣೀಲೆ ಮಾಡಬೇಕು. ಇಲ್ಲಿ ಸೆಗಣಿ ಯಾರ ಕೊಡ್ತಾರ? ಹಿತ್ತಲ ಮಣ್ಣಿಲೆ ಮಾಡೀನಿ. ನೀ ಯಾ ಊರಾಂವಾ?"

ಉಡುಪಿ ಎಂದೆ. ಕ್ರೈಸ್ತರು ಎಂದೂ ಹೇಳಿದೆ, ಮೊದಲೇ ಹೇಳಿಬಿಡುವುದು ನನ್ನ ಅಭ್ಯಾಸ.

"ಆಗ್ಲ್ಯಾಕ. ಕುಂಕುಮ ಹಚ್ಚಿದ್ರ ನಿನ್ನ ಹಣಿ ಸುಡತೈತೇನು?"

"ಅವ್ವಾ," ಎಂದರು ತಂದೆ ಸಂಕೋಚದಿಂದ. "ಸರ್, ನೀವು ಕುಂದರ್ರಿ. ಆಕಿ ಹಂಗೇ."

ಪಾಡ್ಯದ ದಿನ ಆ ಕಡೆ ಮನೆಯ ಗಂಡಸರಿಗೆಲ್ಲ ಆರತಿ ಮಾಡುತ್ತಾರೆ. ನಾನು ಫಾರಂ ತೆಗೆದು ಎಂಟು ಪ್ರಶ್ನೆ ಮುಗಿಸುವಷ್ಟರಲ್ಲಿ ಅಜ್ಜಿ ತಟ್ಟೆ ಹಿಡಿದು ಬಂದರು. ಮೊದಲು ಮಗನಿಗೆ, ಆಮೇಲೆ ಮೊಮ್ಮಗನಿಗೆ, ಕೊನೆಗೆ ನನಗೆ. ಮೊಮ್ಮಗನ ಮುಂದೆ ದೀಪ ಬೆಳಗುವಾಗ, "ನೂರು ವರ್ಷ ಬಾಳು, ನನ್ನ ಆಯುಷ್ಯಾನೂ ನಿನಗೇ ಬರಲಿ," ಎಂದರು. ದೀಪದ ಶಾಖ ಇನ್ನೂ ನನ್ನ ಕೆನ್ನೆಯ ಮೇಲಿತ್ತು. ತೊಡೆಯ ಮೇಲಿನ ಹಳದಿ ಕಾಗದದಲ್ಲಿ ಒಂಬತ್ತನೆಯ ಪ್ರಶ್ನೆ ಕಾಯುತ್ತಿತ್ತು. ಆ ಕ್ಷಣದಲ್ಲಿ ಬಾಯಿ ತೆರೆದು, ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ಸತ್ತಿದ್ದಾರಾ ಎಂದು ಹೇಗೆ ಕೇಳುವುದು? ಹಬ್ಬದ ಮನೆ. ನಾನು ಬೇರೆ ಧರ್ಮದವನು. ಪೆನ್ನು ತಾನಾಗಿಯೇ 'ಇಲ್ಲ' ಎಂಬ ಕಡೆಗೆ ಹೋಯಿತು. ಹತ್ತನೆಯದನ್ನು ಓದಿದೆ: ಕನ್ನಡಕ ಇದೆಯೇ?

ಆಮೇಲೆ ಹೋಳಿಗೆ, ಕಟ್ಟಿನ ಸಾರು. ತಂದೆ ಸಹಿ ಹಾಕಿದರು. ಡೈರಿಯಲ್ಲಿ ಆ ದಿನದ ಕೊನೆಯ ಸಾಲು: "ಭೇಟಿ ಯಶಸ್ವಿ. ಹೋಳಿಗೆ 3."

ನವೆಂಬರ್ ಮೊದಲ ವಾರದಲ್ಲಿ ಹುಡುಗ ಸೇರಿದ. ಇಪ್ಪತ್ತು ಮೀಟರ್ ದೂರದ ಎರಡು ಗೆರೆಗಳ ನಡುವೆ ಟೇಪಿನ ಸದ್ದಿಗೆ ಸರಿಯಾಗಿ ಓಡುವ ಬ್ಲೀಪ್ ಟೆಸ್ಟ್‌ನಲ್ಲಿ ನವೆಂಬರಿನಲ್ಲಿ ಹನ್ನೆರಡನೆಯ ಹಂತ ಮುಟ್ಟಿದ, ಡಿಸೆಂಬರಿನಲ್ಲಿ ಹದಿಮೂರಕ್ಕೆ ಎರಡು ಓಟ ಕಡಿಮೆ. ಬಲಗಾಲು ಬಳಸಲು ಹೆದರುತ್ತಿದ್ದ. ಪ್ರತಿ ಮಂಗಳವಾರ ತರಬೇತಿ ಮುಗಿದ ಮೇಲೆ ಗೋಡೆಗೆ ಬಲಗಾಲಿನಲ್ಲೇ ನೂರು ಹೊಡೆತ ಎಂದು ನಿಯಮ ಮಾಡಿದೆ. ಗುರಿ ತಲುಪಿದವು ಮೊದಲ ವಾರ ಮೂವತ್ತೆಂಟು, ಕ್ರಿಸ್‌ಮಸ್ ಹೊತ್ತಿಗೆ ಅರವತ್ತೊಂದು. ಅವನು ನನ್ನ ಕನ್ನಡ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ, ಆ ಉತ್ತರಗಳನ್ನು ಇಲ್ಲಿ ಬಹುಪಾಲು ಕನ್ನಡಕ್ಕೆ ತಿರುಗಿಸಿದ್ದೇನೆ. "ಕೋಚ್, ನನ್ನ ಬಲಗಾಲು ಬಸ್ ಹತ್ತೋಕೆ ಮಾತ್ರ ಇರೋದು," ಎಂದು ಗೊಣಗುತ್ತಲೇ ನೂರನ್ನೂ ಹೊಡೆಯುತ್ತಿದ್ದ.

ಜನವರಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಜೋರಾಗಿ ಓಡಿದ ಮೇಲೆ ಅವನು ಒಂಟಿ ಮಂಡಿಯೂರಿ ಶೂ ಲೇಸು ಕಟ್ಟುತ್ತಿದ್ದ. ಎಲ್ಲ ಹುಡುಗರೂ ಕಟ್ಟುತ್ತಾರೆ. ಆದರೆ ನನಗೆ ಎಣಿಸುವ ಚಟ. ಮೊದಲ ವಾರ ಮೂರು ಸಲ, ಎರಡನೆಯ ವಾರ ಐದು, ಮೂರನೆಯ ವಾರ ಒಂಬತ್ತು. ಮೂರನೆಯ ವಾರ ಬೇಕೆಂದೇ ಹತ್ತಿರ ಹೋಗಿ ನಿಂತೆ. ಲೇಸು ಬಿಚ್ಚಿರಲೇ ಇಲ್ಲ. ಅವನ ಬೆರಳುಗಳು ಬಿಗಿಯಾಗಿದ್ದ ಗಂಟನ್ನು ಹಿಡಿದು ಸುಮ್ಮನಿದ್ದವು, ಕಣ್ಣು ಮುಚ್ಚಿತ್ತು.

"ಏನಾಯ್ತು?"

"ನಥಿಂಗ್, ಕೋಚ್. ಲೇಸು."

ಆ ತಿಂಗಳ ಬ್ಲೀಪ್ ಟೆಸ್ಟ್‌ನಲ್ಲಿ ಹತ್ತನೆಯ ಹಂತದಲ್ಲಿ ತಾನಾಗಿಯೇ ನಿಂತುಬಿಟ್ಟ. ಚಳಿ ಇದ್ದೀತು ಎಂದು ಬರೆದುಕೊಂಡೆ.

ಫೆಬ್ರವರಿ ಕೊನೆಯ ಗುರುವಾರ ಬಿದ್ದ. ಯಾರೂ ಮುಟ್ಟಿರಲಿಲ್ಲ, ಚೆಂಡೂ ಹತ್ತಿರ ಇರಲಿಲ್ಲ. ಮೂವತ್ತು ಮೀಟರ್ ಓಟದ ನಾಲ್ಕನೆಯ ಸುತ್ತು ಮುಗಿಸಿ ನಾಲ್ಕು ಹೆಜ್ಜೆ ನಡೆದ, ಕೈ ಅಡ್ಡ ಕೊಡದೆ ಮುಖ ಕೆಳಗಾಗಿ ಹುಲ್ಲಿಗೆ ಬಿದ್ದ. ಹಿಂದಿನ ಬೇಸಿಗೆಯಲ್ಲಿ ಒಬ್ಬ ಆಟಗಾರ ಮೈದಾನದ ನಡುವೆ ಹಾಗೆಯೇ ಒಬ್ಬನೇ ಬಿದ್ದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಆ ಆಟಗಾರ ಮತ್ತೆ ಏಳಲೇ ಇಲ್ಲ. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಓಡುತ್ತಲೇ ಇತ್ತು. ಹುಡುಗ ಬಿದ್ದಲ್ಲಿಂದ ಕಣ್ಣು ಬಿಟ್ಟಲ್ಲಿಯವರೆಗೆ ಹನ್ನೊಂದು ಸೆಕೆಂಡು.

ಕಣ್ಣು ಬಿಟ್ಟವನು ಮೊದಲು ಹೇಳಿದ್ದು, "ತಿಂಡಿ ತಿಂದಿರಲಿಲ್ಲ."

ಕಾಲೇಜಿನ ನರ್ಸ್ ರಕ್ತದೊತ್ತಡ ನೋಡಿದರು, ನಾಡಿ ಎಣಿಸಿದರು. ಆಮೇಲೆ ಕಪಾಟಿನಿಂದ ಅವನ ಕಡತ ತೆಗೆದು ಆ ಹಳದಿ ಕಾಗದದ ಮೇಲೆ ಬೆರಳಾಡಿಸಿದರು. ಒಂಬತ್ತನೆಯ ಸಾಲಿನ ಮೇಲೆ ಬೆರಳು ನಿಂತಿತು.

"ಮನೆತನದಲ್ಲಿ ಏನೂ ಇಲ್ಲ. ಒಳ್ಳೆಯದು," ಎಂದರು. "ಹೊಟ್ಟೆಗೆ ಏನೂ ಇಲ್ಲದೆ ಓಡಿದ್ದಾನೆ ಅಷ್ಟೆ. ಇನ್ನೊಂದು ಸಲ ಹೀಗಾದರೆ ಮನೆಯವರ ಡಾಕ್ಟರ್, ಜಿಪಿ ಹತ್ತಿರ ಹೋಗಲಿ."

ಇನ್ನೊಂದು ಸಲ. ಅವರು ಓದಿದ್ದು ಹುಡುಗನ ಮನೆಯವರ ಉತ್ತರವನ್ನಲ್ಲ, ನನ್ನ ಸಂಕೋಚವನ್ನು. ಅಲ್ಲೇ ಹೇಳಬಹುದಿತ್ತು. ಹುಡುಗನಿಗೆ ಬಿಸ್ಕತ್ತು ಕೊಡಿಸಿ ತರಗತಿಗೆ ಕಳಿಸಿದೆ.

ಅಂದಿನಿಂದ ಹದಿಮೂರು ದಿನ ನಾನು ಯಾರಿಗೂ ಹೇಳದೆ ಮಾಡಿದ ಕೆಲಸಗಳು ಡೈರಿಯಲ್ಲಿವೆ. ಎಡ ಅಂಚಿನ ಗೆರೆಯಿಂದ ಆಫೀಸಿನ ಫೋನಿಗೆ ಇನ್ನೂರ ಹನ್ನೆರಡು ಹೆಜ್ಜೆ. ಓಡಿದರೆ ಐವತ್ತೆಂಟು ಸೆಕೆಂಡು. ಆಂಬುಲೆನ್ಸ್ ಬರಬೇಕಾದ ಹಿಂದಿನ ಗೇಟಿಗೆ ಬೀಗ. ಕೀಲಿ ಕೇರ್‌ಟೇಕರ್ ಹತ್ತಿರ, ಅವರು ಊಟಕ್ಕೆ ಹೋಗುವುದು ಒಂದರಿಂದ ಎರಡು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಕಾಲೇಜಿನಲ್ಲಿ ಇಲ್ಲ. ಎದೆ ಒತ್ತುವ ಕ್ರಮವನ್ನು ದಿನವೂ ಮನೆಯಲ್ಲಿ ದಿಂಬಿನ ಮೇಲೆ ಅಭ್ಯಾಸ. ತರಬೇತಿಯಲ್ಲಿ ನಾನು ನಿಲ್ಲುವ ಜಾಗ ಬದಲಾಯಿತು, ಯಾವಾಗಲೂ ಅವನಿಗೆ ಹದಿನೈದು ಹೆಜ್ಜೆಯೊಳಗೆ. ಓಟದ ಸುತ್ತುಗಳನ್ನು ನೆಪ ಹೇಳಿ ಆರರಿಂದ ಮೂರಕ್ಕೆ ಇಳಿಸಿದೆ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಹೃದಯದ ಮೇಲಿನ ಒಂದು ದಪ್ಪ ಪುಸ್ತಕ ತೆಗೆದು ಎರಡು ಪುಟ ನಕಲು ಮಾಡಿಕೊಂಡೆ. ಮನೆತನದಲ್ಲಿ ಬರುವ ಕೆಲವು ತೊಂದರೆಗಳಲ್ಲಿ ಹೃದಯ ನೋಡಲು ಸರಿಯಾಗಿಯೇ ಇರುತ್ತದೆ, ಬಡಿತದ ಲಯ ಮಾತ್ರ ಇದ್ದಕ್ಕಿದ್ದಂತೆ ತಪ್ಪುತ್ತದೆ ಎಂದಿತ್ತು. ಕುಟುಂಬದ ಸಾವುಗಳನ್ನು ವಿಚಾರಿಸುವಾಗ ಕಾರಣ ತಿಳಿಯದ ಅಪಘಾತ, ಚೆನ್ನಾಗಿ ಈಜು ಬಲ್ಲವರು ಮುಳುಗಿದ್ದು, ಇವನ್ನೂ ಬಿಡಬಾರದು ಎಂದಿತ್ತು. ಇಷ್ಟೆಲ್ಲ ಅಳೆದೆ, ಬರೆದೆ. ಒಂದು ಫೋನ್ ಮಾಡಿ ಒಂದು ಪ್ರಶ್ನೆ ಕೇಳಲಿಲ್ಲ. ಈಗ ಕೇಳಿದರೆ ಅಂದು ಕೇಳಿರಲಿಲ್ಲವೆಂಬುದು ಹೊರಬೀಳುತ್ತಿತ್ತು.

ಒಮ್ಮೆ ವೆಂಬ್ಲಿಯ ನಮ್ಮ ಮನೆಯಲ್ಲಿ ಅಮ್ಮನನ್ನು ಸುಮ್ಮನೆ ಎಂಬಂತೆ ಕೇಳಿದೆ: ಹಬ್ಬದ ದಿನ ಬೇರೆಯವರ ಮನೆಗೆ ಹೋಗಿ, ನಿಮ್ಮಲ್ಲಿ ಯಾರು ಸತ್ತಿದ್ದಾರೆ ಎಂದು ಕೇಳಬಹುದಾ?

"ನಿನಗೆ ಮಂಡೆ ಸಮ ಉಂಟಾ?" ಎಂದರು ಅಮ್ಮ. "ಅವರು ಉಂಡೆ ಕೊಡುವುದು, ನೀನು ಬೊಜ್ಜ, ತಿಥಿಯ ಲೆಕ್ಕ ಕೇಳುವುದಾ?"

ನನ್ನ ಕಡೆಗೆ ಒಂದು ಸಾಕ್ಷಿ ಸಿಕ್ಕಿದಂತಾಯಿತು. ಒಂದು ದಿನದ ಮಟ್ಟಿಗೆ ಧೈರ್ಯವೂ ಬಂತು. ಮರುದಿನದ ತರಬೇತಿಯಲ್ಲಿ ಅವನು ಮತ್ತೆ ಮಂಡಿಯೂರಿದ, ಆ ಧೈರ್ಯ ಹೋಯಿತು.

ಮಾರ್ಚ್ ಎರಡನೇ ಬುಧವಾರ ಲಂಡನ್ನಿನ ದಕ್ಷಿಣ ತುದಿಯ ಸಟನ್‌ನಲ್ಲಿ ಪಂದ್ಯ. ದಕ್ಷಿಣದ ಕಾಲೇಜುಗಳ ಆಯ್ದ ತಂಡದ ಎದುರು ನಾವು. ಎರಡು ವೃತ್ತಿಪರ ಕ್ಲಬ್‌ಗಳ ಸ್ಕೌಟ್‌ಗಳು, ಅಂದರೆ ಆಟಗಾರರನ್ನು ಆರಿಸಲು ಬರುವವರು, ನಮ್ಮ ಎಡಗಾಲಿನವನನ್ನು ನೋಡಲೆಂದೇ ಬರುವವರಿದ್ದರು. ಒಂದು ಕ್ಲಬ್ ಆರು ವಾರಗಳ ಪ್ರಯೋಗಕ್ಕೆ ಬಾಯಿಮಾತಿನಲ್ಲಿ ಒಪ್ಪಿತ್ತು, ಆ ದಿನದ ಆಟ ಒಂದು ನೋಡಬೇಕಿತ್ತು. ಅಂಥ ದಿನ ಒಬ್ಬ ಹುಡುಗನಿಗೆ ಎರಡು ಸಲ ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಮಿನಿಬಸ್ಸಿನಲ್ಲಿ ಅವನು ನನ್ನ ಪಕ್ಕವೇ ಕುಳಿತ. ಹಿಂದೆ ಉಳಿದವರು ಹಾಡಿಕೊಂಡಿದ್ದರು. ಮೋಟಾರ್‌ವೇಯಲ್ಲಿ ಗಾಡಿಗಳು ತೆವಳುತ್ತಿದ್ದವು. ಮರುದಿನ ಆಯಾಸ ಕಳೆಯಲು ಇಡೀ ತಂಡವನ್ನು ಈಜುಕೊಳಕ್ಕೆ ಕರೆದೊಯ್ಯುವ ಯೋಜನೆಯಿತ್ತು. ಬರುವವರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಗುರುತಿರಲಿಲ್ಲ.

"ನಾಳೆ ಈಜಿಗೆ ಬರಲ್ವಾ?"

"ಅಜ್ಜಿ ಬಿಡಲ್ಲ. ಪ್ರೈಮರಿ ಸ್ಕೂಲಲ್ಲೂ ಬಿಟ್ಟಿಲ್ಲ, ಪ್ರತಿ ವರ್ಷ ಚೀಟಿ ಬರೆಸ್ತಿದ್ರು. ಸೋ ಎಂಬ್ಯಾರಸಿಂಗ್."

"ಯಾಕೆ?"

"ನಮ್ಮ ಕಾಕಾ." ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ. "ಡ್ಯಾಡ್‌ನ ತಮ್ಮ. ನಾನು ನೋಡಿಲ್ಲ, ಫೋಟೋ ಇದೆ ಅಷ್ಟೆ. ಬಾವಿಗೆ ಜಿಗಿದ್ರು, ಮೇಲೆ ಬರಲಿಲ್ಲ."

"ಈಜು ಬರ್ತಿರಲಿಲ್ವಾ?"

"ದಟ್ಸ್ ದ ಥಿಂಗ್. ಊರಿಗೇ ಚಾಂಪಿಯನ್ ಅಂತೆ. ಅದೇ ಬಾವಿಯಲ್ಲಿ ದಿನಾ ಈಜ್ತಿದ್ರಂತೆ."

"ವಯಸ್ಸೆಷ್ಟು?"

"ಟ್ವೆಂಟಿಟೂ? ನಿಮಗಿಂತ ಚಿಕ್ಕೋರು, ಕೋಚ್."

ಅವನು ಹೆಡ್‌ಫೋನ್ ಏರಿಸಿಕೊಂಡ. ನನ್ನ ಚೀಲದೊಳಗೆ ಡೈರಿ ಇತ್ತು, ಡೈರಿಯೊಳಗೆ ನಕಲು ಮಾಡಿದ ಎರಡು ಪುಟಗಳಿದ್ದವು. ತೆಗೆದು ನೋಡಬೇಕಾಗಿರಲಿಲ್ಲ. ಅಲ್ಲಿಂದ ಸಟನ್‌ವರೆಗಿನ ಐವತ್ತು ನಿಮಿಷ ಅವನ ಕುತ್ತಿಗೆಯ ನರ ಬಡಿಯುವುದನ್ನು ಓರೆಗಣ್ಣಿನಿಂದ ನೋಡುತ್ತ ಕುಳಿತಿದ್ದೆ. ಆ ಬಡಿತ ನಿಂತರೆ ಎಂಬ ಒಂದೇ ಭಯ.

ಟೀಮ್ ಶೀಟ್ ಬರೆಯುವುದು ನನ್ನ ಕೆಲಸ. ಒಂದೂವರೆಗೆ ರೆಫರಿಯ ಕೈಗೆ ಕೊಡಬೇಕು. ಒಂದು ಹದಿನೈದಕ್ಕೆ ಬಟ್ಟೆ ಬದಲಿಸುವ ಕೋಣೆಯ ಹೊರಗೆ ನಿಂತು ಹತ್ತು ಹೆಸರು ಬರೆದೆ. ಹನ್ನೊಂದನೆಯ ಅಂಕಿ ಬರೆದು ಪೆನ್ನು ನಿಂತಿತು. ಮೈದಾನದಲ್ಲಿ ಅವನು ಮೈ ಬಿಸಿ ಮಾಡಿಕೊಳ್ಳಲು ಆಗಲೇ ಓಡುತ್ತಿದ್ದ. ಉದ್ದ ಕೋಟು ತೊಟ್ಟ ಇಬ್ಬರು ಬೇಲಿಗೊರಗಿ ನಿಂತಿದ್ದರು. ನಾನು ಮುಖ್ಯ ಕೋಚ್ ಬಳಿ ಹೋದೆ. ಐವತ್ತು ದಾಟಿದ ಮನುಷ್ಯ, ಕೂಗಿ ಕೂಗಿ ಸ್ವರ ಒಡೆದಿತ್ತು.

"ಎಡಗಾಲಿನವನನ್ನು ಆಡಿಸುವಂತಿಲ್ಲ," ಎಂದೆ.

"ಏನಂದೆ?"

"ಅವನ ಆರೋಗ್ಯದ ಫಾರಂ ಸುಳ್ಳು. ಒಂಬತ್ತನೇ ಪ್ರಶ್ನೆ ನಾನು ಕೇಳಿಯೇ ಇಲ್ಲ. ಗುರುತು ನನ್ನದು."

ಬಾವಿಯ ಸಂಗತಿ ಹೇಳಿದೆ, ಲೇಸಿನ ಲೆಕ್ಕ ಹೇಳಿದೆ. ಅವರು ನನ್ನ ಮುಖವನ್ನು ನೋಡುವುದರ ಬದಲು ಬೇಲಿಯ ಬಳಿಯ ಕೋಟುಗಳನ್ನು ನೋಡುತ್ತಿದ್ದರು.

"ಇಂಡಿಯಾದಲ್ಲಿ ಯಾವ ಕಾಲದಲ್ಲೋ ಯಾರೋ ಬಾವಿಗೆ ಬಿದ್ದರು ಅಂತ ಈ ಹುಡುಗನನ್ನು ಕೂರಿಸಲಾ? ತಿಂಡಿ ತಿನ್ನದೆ ಬಂದು ಬಿದ್ದವರನ್ನೆಲ್ಲ ಮನೆಗೆ ಕಳಿಸಿದ್ದರೆ ಇಷ್ಟು ವರ್ಷ ನನ್ನ ಹತ್ತಿರ ತಂಡವೇ ಇರುತ್ತಿರಲಿಲ್ಲ."

"ಸರಿಯಾದ ಫಾರಂ ಇಲ್ಲದ ಹುಡುಗನಿಗೆ ಕಾಲೇಜಿನ ವಿಮೆ ಇಲ್ಲ. ಇದು ನೀವೇ ನನಗೆ ಹೇಳಿಕೊಟ್ಟ ನಿಯಮ."

ಗಡಿಯಾರ ನೋಡಿದೆ, ಒಂದು ಇಪ್ಪತ್ತೇಳು.

"ಇದೊಂದೇ ಮನೆಯಾ?" ಎಂದು ಕೊನೆಗೆ ಕೇಳಿದರು. "ಅಥವಾ ಬೇರೆ ಮನೆಗಳಲ್ಲೂ ಹೀಗೇ ಮಾಡಿದ್ದೀಯಾ?"

ನಾನು ಕೈಯಲ್ಲಿದ್ದ ಹಾಳೆಯ ಕಡೆ ಕಣ್ಣು ತಿರುಗಿಸಿದೆ. ಅವರು ನನ್ನ ಕೈಯಿಂದ ಹಾಳೆ ಕಿತ್ತುಕೊಂಡು ಹನ್ನೊಂದರ ಮುಂದೆ ಬೇರೆ ಹೆಸರು ಬರೆದರು. "ಅವನಿಗೆ ನೀನೇ ಹೇಳು," ಎಂದರು.

ಹೇಳಿದೆ. ಅವನು ಮೊದಲು ನಕ್ಕ, ತಮಾಷೆ ಎಂದುಕೊಂಡು. ಆಮೇಲೆ ಬೇಲಿಯ ಕಡೆ ತಿರುಗಿ ನೋಡಿದ. "ಅವರು ಇವತ್ತು ಮಾತ್ರ ಬರೋದು, ಕೋಚ್. ಇವತ್ತು ಮಾತ್ರ." ನಾನು ಏನೋ ಹೇಳಹೋದೆ. "ನಾನು ನಿಮಗೆ ಹೇಳಿದ್ದು ಕಾಕಾನ ಕಥೆ. ನೀವು ಅದನ್ನೇ ಹಿಡಿದು ನನ್ನನ್ನು ಮುಗಿಸಿಬಿಟ್ರಿ." ತೊಂಬತ್ತು ನಿಮಿಷ ಬೆಂಚಿನ ತುದಿಯಲ್ಲಿ ಕೋಟು ತಲೆಯ ಮೇಲೆ ಎಳೆದುಕೊಂಡು ಕುಳಿತಿದ್ದ. ಸ್ಕೌಟ್‌ಗಳು ಮೊದಲರ್ಧ ಮುಗಿಯುವ ಮುನ್ನವೇ ಹೊರಟುಹೋದರು. ನಾವು ಮೂರು ಒಂದರಿಂದ ಸೋತೆವು.

ಸಂಜೆ ಆರೂವರೆಗೆ ಹ್ಯಾರೋದಲ್ಲಿ ಮಿನಿಬಸ್ಸಿನಿಂದ ಇಳಿದು ಅವನ ಹಿಂದೆಯೇ ಮನೆಗೆ ನಡೆದೆ. ಅವನು ಹತ್ತು ಹೆಜ್ಜೆ ಮುಂದೆ, ಒಮ್ಮೆಯೂ ತಿರುಗಲಿಲ್ಲ. ಒಳಗೆ ಹೋದವನೇ ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡ. ತಂದೆ ಟಿವಿ ಆರಿಸಿದರು. ಅಜ್ಜಿ ಅಡುಗೆಮನೆಯಿಂದ ಬಂದು ಕುಳಿತರು. ನಾನು ಕೂರದೆ ಫಾರಂ ತೆಗೆದು ಆ ಸಾಲನ್ನು ಕನ್ನಡದಲ್ಲಿ ಓದಿದೆ. ಅಂದು ಕೇಳಿರಲಿಲ್ಲ ಎಂದೂ ಹೇಳಿದೆ.

ತಂದೆಯ ಮುಖ ಕೆಂಪಾಯಿತು. "ನಮ್ಮ ಮನ್ಯಾಗ ಉಂಡು, ನಮಗ ಕೇಳದೇನೇ ಬರದ್ರಿ. ಇವತ್ತ ಅವನ ಮ್ಯಾಚ್ ತಪ್ಪಿಸಿ ಬಂದು ಸಾವಿನ ಮಾತ ತಗೀತೀರಿ. ಏನಂತ ತಿಳ್ಕೊಂಡೀರಿ ನಮ್ಮನ್ನ?"

"ತಪ್ಪಾಯ್ತು," ಎಂದೆ. "ಆದರೆ ಉತ್ತರ ಬೇಕು."

"ನನ್ನ ತಮ್ಮ ನೀರಾಗ ಹೋದಾ. ಅದು ರೋಗ ಅಲ್ಲ. ಆತಿಲ್ಲೊ?"

"ಸುಮ್ನಿರು," ಎಂದರು ಅಜ್ಜಿ ಮಗನಿಗೆ. ನನ್ನ ಕಡೆ ತಿರುಗಿದರು. "ನೀ ಕೇಳಿದ್ರ ಹಬ್ಬದ ದಿನಾನೂ ಹೇಳ್ತಿದ್ದೆ ತಮ್ಮಾ. ಹಡದಾಕಿಗೆ ಹಬ್ಬ ಯಾವುದು, ಹುಣ್ಣಿಮಿ ಯಾವುದು. ದಿನಾ ನೆನಸ್ತೀನಿ. ಕೇಳಾವ್ರೇ ಇಲ್ಲ."

ಆಮೇಲೆ ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಬೆಳಗಿನ ಹೊತ್ತು. ನೀರು ಶಾಂತ. ದಂಡೆಯ ಮೇಲೆ ನಾಲ್ಕು ಜನ ಗೆಳೆಯರು. ಜಿಗಿದ, ಒಮ್ಮೆ ಮೇಲೆ ಬಂದ, ಎರಡು ಕೈ ಬೀಸಿದ, ಕೂಗಲೂ ಇಲ್ಲ. ಅದಕ್ಕಿಂತ ಮುಂಚೆ ಎರಡು ಸಲ ಕಬಡ್ಡಿ ಅಂಗಳದಲ್ಲಿ ತಲೆಸುತ್ತಿ ಕುಳಿತಿದ್ದ. ದೃಷ್ಟಿಯಾಗಿದೆ ಎಂದು ನಿವಾಳಿಸಿದ್ದರು.

"ಓಡಿದ ಮ್ಯಾಲ ತಲಿ ತಿರಗತಿತ್ತೇನ್ರಿ?" ಎಂದು ಅವರ ಮಾತಿನಲ್ಲೇ ಕೇಳಿದೆ.

"ಹೂಂ. ಕೆಳಗ ಕುಂತ ಬಿಡ್ತಿದ್ದಾ. ಕಾಲಾಗಿನ ಮುಳ್ಳ ತಗೀತೀನಿ ಅಂತಿದ್ದಾ."

ಮೆಟ್ಟಿಲ ಮೇಲೆ ಸದ್ದಾಯಿತು. ಹುಡುಗ ಅರ್ಧದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ. ಅವನ ಮುಖ ಬಿಳಿಚಿತ್ತು. ಅವನಿಗೂ ಭಯವಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಂದೆ ಮರುದಿನ ಬೆಳಗ್ಗೆಯೇ ಜಿಪಿಗೆ ಫೋನ್ ಮಾಡಿದರು. ಅಜ್ಜಿ ಹೇಳಿದ್ದನ್ನು ನಾನು ಬರೆದುಕೊಂಡಿದ್ದ ಹಾಳೆಗಳನ್ನು ಜಿಪಿ ಪತ್ರದ ಜೊತೆ ಲಗತ್ತಿಸಿ ನಗರದ ಮಧ್ಯದ ಹೃದಯ ವೈದ್ಯರಿಗೆ ಕಳಿಸಿದರು. ಐದು ವಾರ ಕಾಯಬೇಕಾಯಿತು. ಆ ಐದು ವಾರ ಹುಡುಗ ತರಬೇತಿಗೆ ಬರಲಿಲ್ಲ, ಆದರೂ ಪ್ರತಿ ಸಲ ಫೋನ್ ಬಡಿದಾಗ ಎಲ್ಲರಿಗಿಂತ ಮೊದಲು ನಾನೇ ಎತ್ತುತ್ತಿದ್ದೆ. ಬರಬಾರದ ಸುದ್ದಿಯೊಂದು ದಾರಿಯಲ್ಲಿದೆ ಎಂದು ಅನಿಸುತ್ತಲೇ ಇತ್ತು.

ಫಲಿತಾಂಶದ ದಿನ ತಂದೆ ನನ್ನನ್ನೂ ಕರೆದರು. "ಡಾಕ್ಟರ್ ಇಂಗ್ಲಿಷ್ ನನಗ ತಿಳೀತೈತಿ ಸರ್. ಅವ್ವಗ ಹೇಳಾಕ ನನ್ನ ಕಡೆ ಆಗೂದಿಲ್ಲ." ವೈದ್ಯೆ ಕಾಗದದ ಮೇಲೆ ಬಡಿತದ ಗೆರೆ ಬಿಡಿಸಿ ತೋರಿಸಿದರು. ಒಂದು ಬಡಿತ ಮುಗಿದು ಹೃದಯ ಮುಂದಿನದಕ್ಕೆ ಸಿದ್ಧವಾಗುವ ಸಮಯ ಈ ಹುಡುಗನಲ್ಲಿ ಉದ್ದ. ಜೋರಾಗಿ ಓಡುವಾಗ, ಮುಖ್ಯವಾಗಿ ಈಜುವಾಗ, ಲಯ ತಪ್ಪಬಹುದು. ಹುಟ್ಟಿನಿಂದ ಬರುವಂಥದ್ದು. ಮಾತ್ರೆ ಇದೆ, ದಿನವೂ ತೆಗೆದುಕೊಂಡರೆ ಎಲ್ಲರಂತೆ ಬದುಕಬಹುದು. ಸ್ಪರ್ಧೆಯ ಫುಟ್‌ಬಾಲ್ ಬೇಡ. ತಂದೆಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹುಡುಗ ಒಂದೇ ಪ್ರಶ್ನೆ ಕೇಳಿದ, ಇಂಗ್ಲಿಷಿನಲ್ಲಿ: "ಆ ದಿನ ಸಟನ್‌ನಲ್ಲಿ ಆಡಿದ್ದರೆ?"

"ಏನೂ ಆಗದೆ ಇರಬಹುದಿತ್ತು," ಎಂದರು ವೈದ್ಯೆ. ಸ್ವಲ್ಪ ತಡೆದು, "ಆಗಲೂಬಹುದಿತ್ತು," ಎಂದರು.

ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಅಜ್ಜಿ ಸೆರಗು ಹೊದ್ದು ಕುಳಿತಿದ್ದರು. ಪಕ್ಕದಲ್ಲಿ ಕುಳಿತು ನನಗೆ ತಿಳಿದಷ್ಟು ಸರಳವಾಗಿ ಹೇಳಿದೆ. ಮುಗಿದ ಮೇಲೆ ಕೇಳಿದರು, "ಅಂವಗೂ ಇದೇ ಇತ್ತೇನು? ಸಣ್ಣಾಂವಗ?"

"ಇದ್ದಿರಬಹುದು ಅಂತಾರೆ."

"ಅವತ್ತ ನಾನೇ ಬೈದು ಕಳಿಸಿದ್ದೆ. ಬಿಸಿಲ ಏರೂದ್ರಾಗ ಮೈ ತೊಳಕೊಂಡ ಬಾ, ಹೊಲಕ್ಕ ಹೊತ್ತಾತು ಅಂತ." ಅವರು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಇಷ್ಟ ವರ್ಷ ಆ ನೀರಿಗೆ ಶಾಪ ಹಾಕೀನಿ. ನೀ ಹೇಳೂದು ಖರೇ ಆದ್ರ, ನೀರು ಪಾಪ ಏನೂ ಮಾಡಿಲ್ಲ."

ಮೊಮ್ಮಗ ಬಂದು ಅವರ ಮುಂದೆ ನಿಂತ. ನನ್ನ ಕಡೆ ನೋಡಲಿಲ್ಲ. "ಅಜ್ಜಿ, ಏಳು. ಮನಿಗೆ ಹೋಗೂಣು," ಎಂದ. ಅವನ ಬಾಯಿಂದ ಕನ್ನಡ ಕೇಳಿದ್ದು ನನಗೆ ಹೊಸದು. ಕಾಲೇಜಿಗೆ ಅವನು ಮತ್ತೆ ಬರಲಿಲ್ಲ. ಹಳೆಯ ಶಾಲೆಗೇ ಸೇರಿಕೊಂಡ ಎಂದು ತಂದೆ ತಿಳಿಸಿದರು. ನಾನು ಬರೆದ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಗ್ಗೆ ಮುಖ್ಯ ಕೋಚ್ ಬಳಿ ಹೋಗಿ, ಸಟನ್‌ನಲ್ಲಿ ಕೊಡದ ಉತ್ತರ ಕೊಟ್ಟೆ. ಆ ವರ್ಷ ನಾನು ಹೋದ ಮನೆಗಳು ಹದಿನಾಲ್ಕು. ಒಂಬತ್ತನೆಯ ಪ್ರಶ್ನೆ ಕೇಳದೆ ಗುರುತು ಹಾಕಿದ್ದು ಏಳು ಮನೆಗಳಲ್ಲಿ. ಒಂದು ಕಡೆ ಹುಟ್ಟುಹಬ್ಬದ ಕೇಕು ಕತ್ತರಿಸುತ್ತಿದ್ದರು, ಒಂದು ಕಡೆ ಉಪವಾಸದ ತಿಂಗಳ ಸಂಜೆ, ಇನ್ನೊಂದು ಕಡೆ ಹುಡುಗನ ಅಕ್ಕನಿಗೆ ಏಳು ತಿಂಗಳು. ಪ್ರತಿ ಕಡೆಯೂ ಒಂದೊಂದು ಮರ್ಯಾದೆ. ಮುಖ್ಯ ಕೋಚ್ ಬಯ್ಯುತ್ತಾರೆ ಎಂದು ಕಾದೆ. ಹಳದಿ ಫಾರಂಗಳ ಕಟ್ಟು ನನ್ನ ಮುಂದಿಟ್ಟು, "ಆರು ಮನೆ ಉಳಿದಿವೆ. ಅದು ಮುಗಿಯೋವರೆಗೆ ಆ ಆರು ಜನ ಓಡುವುದಿಲ್ಲ," ಎಂದರು.

ಮೊದಲ ಮನೆ ವೆಂಬ್ಲಿಯಲ್ಲಿ, ಸ್ಟೇಡಿಯಂ ಕಡೆಯ ಹೊಸ ಫ್ಲಾಟುಗಳಲ್ಲೊಂದು. ಗೋಲ್‌ಕೀಪರ್ ಹುಡುಗ, ಆರಡಿ ಎರಡಂಗುಲ, ನಮ್ಮಲ್ಲೇ ಎಲ್ಲರಿಗಿಂತ ಗಟ್ಟಿಮುಟ್ಟು. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿದೆ. ತಾಯಿ ಚಹಾ ಇಡಲು ಹೊರಟರು. ಬೇಡ, ಮೊದಲು ಒಂದು ಪ್ರಶ್ನೆ ಇದೆ, ಅದು ಒಳ್ಳೆಯ ಪ್ರಶ್ನೆಯಲ್ಲ, ಕ್ಷಮಿಸಬೇಕು ಎಂದು ಹಿಂದಿಯಲ್ಲಿ ಹೇಳಿದೆ. ನಿಂತೇ ಓದಿದೆ, ಒಂದು ಪದವನ್ನೂ ಮೆತ್ತಗೆ ಮಾಡದೆ.

ತಂದೆ ತಕ್ಷಣ, "ಇಲ್ಲ, ಅಂಥದ್ದೇನಿಲ್ಲ," ಎಂದರು.

ತಾಯಿ ಕೈಯಲ್ಲಿದ್ದ ಪಾತ್ರೆಯನ್ನು ಮೇಜಿನ ಮೇಲಿಟ್ಟು ಗಂಡನ ಮುಖ ನೋಡಿದರು. ಆಮೇಲೆ ಮಗನನ್ನು ಒಳಗೆ ಹೋಗು ಎಂದು ಕಳಿಸಿದರು.

ನಾನು ಪೆನ್ನಿನ ಮುಚ್ಚಳ ತೆಗೆದು ಕಾದೆ.